ಬಾಮೈದ ಹಿಡಿದ ಹಗ್ಗ

ಮನುಷ್ಯ ಎತ್ತರದಿಂದ ಜಾರಿದರೆ ದೊಡ್ಡ ಸದ್ದಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ. ಮೊದಲು ಒಂದು ಬಿದಿರಿನ ಗೂಟ ಬಿತ್ತು. ಅದರ ಹಿಂದೆ ಒಂದಿಷ್ಟು ತೊಗಟೆ. ಆಮೇಲೆ ಹಗ್ಗ ಮರಕ್ಕೆ ಉಜ್ಜಿಕೊಂಡು ಓಡಿದ ಸರ್ರನೆಯ ಸದ್ದು, ಅಷ್ಟೇ. ಚಿತ್ರದುರ್ಗಕ್ಕೆ ವಾಪಸು ಬಂದು ಮೂರು ವಾರವಾಯಿತು. ಎದುರು ಮನೆಯವರು ಬಟ್ಟೆ ಒಣಹಾಕುವ ಹಗ್ಗವನ್ನು ಎಳೆದು ಕಟ್ಟುವಾಗ ಈಗಲೂ ನನ್ನ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಡುತ್ತವೆ.

ಆದರೂ ವಯನಾಡಿನಲ್ಲಿ ಕಳೆದ ಆ ಹದಿನೈದು ದಿನ ಸುಖವಾಗಿದ್ದವು. ಎರಡೂ ಮಾತು ನಿಜ. ಎರಡನ್ನೂ ಹೇಳಬೇಕು.

ಗುಂಡ್ಲುಪೇಟೆಯ ಆಚೆ

ನಾನು ಅನುವಾದಕಿ. ಮಿಕ್ಸಿಯ ಡಬ್ಬಿಯೊಳಗೆ ಮಡಚಿಟ್ಟಿರುವ ಕಾಗದವನ್ನು ನೀವು ಎಂದಾದರೂ ಓದಿದ್ದರೆ, ಅದರಲ್ಲಿನ ಕನ್ನಡ ನನ್ನದಿರಬಹುದು. ಈ ಸಲ ಸಿಕ್ಕಿದ್ದು ದಪ್ಪ ಪುಸ್ತಕ. ಪಾರ್ಶ್ವವಾಯು ಆದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಬರೆದದ್ದು. ಹಾಸಿಗೆಯಲ್ಲಿ ಹೊರಳಿಸುವುದು ಹೇಗೆ, ಊಟ ಮಾಡಿಸುವುದು ಹೇಗೆ, ಇಂಥವು. ಕೊಡಬೇಕಾದ ದಿನವನ್ನು ಎರಡು ಸಲ ಮುಂದೂಡಿಸಿಕೊಂಡಿದ್ದೆ. ಮೂರನೆಯ ಸಲ ಪ್ರಕಾಶಕರ ಕಡೆಯ ಹೆಂಗಸು ಬಹಳ ಮೆತ್ತಗೆ ಹೇಳಿದರು: “ಮುಂದಿನ ತಿಂಗಳ ಮೊದಲ ಶನಿವಾರ ಸಂಜೆಯೊಳಗೆ ಬರದಿದ್ದರೆ ಬೇರೆಯವರಿಗೆ ಕೊಟ್ಟುಬಿಡ್ತೀವಿ ವಿನುತಾ, ಬೇಜಾರು ಮಾಡ್ಕೋಬೇಡಿ.” ಹಾಗಾದರೆ ಮತ್ತೆ ಟ್ಯೂಷನ್ ಸೆಂಟರಿನಲ್ಲಿ ವ್ಯಾಕರಣ ಹೇಳಿಕೊಡುವುದೇ ಗತಿ ಎಂದು ನನಗೆ ಗೊತ್ತಿತ್ತು. ಅಲ್ಲಿಂದ ತಪ್ಪಿಸಿಕೊಂಡು ಬರಲು ಆರು ವರ್ಷ ಹಿಡಿದಿತ್ತು.

ಸೋಮಾರಿಯೇ ಎಂದು ಕೇಳಬೇಡಿ. ಮೂರು ವರ್ಷದಿಂದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡುವವಳಿಗೆ ಒಂದು ಪುಟ ಮುಗಿಸುವ ಮೊದಲು ಪರದೆ ಒಗೆಯಬೇಕೆನಿಸುತ್ತದೆ. ಪರದೆ ಒಗೆದರೆ ಕಿಟಕಿಯ ಸರಳು ಒರೆಸಬೇಕೆನಿಸುತ್ತದೆ. ನನ್ನ ಕಿಟಕಿಯಷ್ಟು ಶುಭ್ರವಾದ ಕಿಟಕಿ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಹಳೆಯ ಗೆಳತಿಯೊಬ್ಬಳು ವಯನಾಡಿನ ಮೀನಂಗಡಿ ಎಂಬ ಊರಿನಲ್ಲಿ ಒಂದು ಜಾಗವಿದೆ ಎಂದಳು. ಮನೆಯಿಂದ ಕೆಲಸ ಮಾಡುವವರು ಅಲ್ಲಿ ಬಂದು ಒಟ್ಟಿಗೆ ಕೂರುತ್ತಾರಂತೆ, ದಿನಕ್ಕಿಷ್ಟು ಎಂದು ಮೇಜು ಬಾಡಿಗೆಗೆ ಸಿಗುತ್ತದಂತೆ. ಪರದೆ ಒಗೆಯಲು ಅಲ್ಲಿ ಬಿಡುವುದಿಲ್ಲ ಎಂದು ಅವಳು ಖಾತರಿ ಕೊಟ್ಟಳು.

ಕರ್ನಾಟಕದ ಗಡಿ ದಾಟಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಪಾಸ್‌ಪೋರ್ಟ್ ಬೇಡದ ವಿದೇಶ ಪ್ರವಾಸ. ಗುಂಡ್ಲುಪೇಟೆ ದಾಟಿ ಕಾಡು ಶುರುವಾದಾಗ ಬಸ್ಸಿನ ಕಿಟಕಿಯಲ್ಲಿ ಜಿಂಕೆಯೊಂದನ್ನು ಕಂಡು ಎದ್ದು ನಿಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಹಿಡಿದು ಕೂರಿಸಿದರು. “ಕೂತ್ಕೊಳ್ಳಮ್ಮ, ಅದು ದಿನಾ ಇರ್ತದೆ.” ಗಡಿಯಾಚೆಯ ಮುತ್ತಂಗ ದಾಟುವಷ್ಟರಲ್ಲಿ ಕಂಡಕ್ಟರು ಅದೇ ದನಿಯಲ್ಲಿ, ಅದೇ ಅವಸರದಲ್ಲಿ, ಭಾಷೆ ಮಾತ್ರ ಬದಲಾಯಿಸಿದ್ದರು. ಬತ್ತೇರಿ ಪೇಟೆಗೆ ಎರಡು ಮೈಲಿ ಇರುವಾಗ ಮುಂದೆ ಲಾರಿಯೊಂದು ಟೈರು ಒಡೆದು ಅಡ್ಡ ನಿಂತಿತು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಎಲ್ಲರೂ ಕೆಳಗಿಳಿದು ಡ್ರೈವರನಿಗೆ ಸಲಹೆ ಕೊಡುತ್ತೇವೆ. ಇಲ್ಲಿ ಎಲ್ಲರೂ ಪತ್ರಿಕೆ ಬಿಡಿಸಿದರು. ಸಲಹೆ ಕೊಡಲು ಇಳಿದವಳು ನಾನೊಬ್ಬಳೇ.

ಮೀನಂಗಡಿ, ಮೊದಲ ಸಂಜೆ

ತಂಗಿದ್ದು ಸುಮತಿಯಮ್ಮನವರ ಮನೆಯಲ್ಲಿ. ತಲೆಮಾರುಗಳ ಹಿಂದೆ ನಮ್ಮ ಕಡೆಯಿಂದ ಬಂದು ನೆಲೆಸಿದ ಜೈನರು. ಕಾಫಿ, ಮೆಣಸಿನ ತೋಟ ಇದೆ. ನಾನು ತಲುಪಿದಾಗ ಕತ್ತಲಾಗಿತ್ತು. ಅವರು ಬಾಗಿಲಲ್ಲೇ ನಿಂತಿದ್ದರು.

“ಬಾ ಮೋಳೆ. ಏನು ಇಷ್ಟು ನೇರ ಆಯ್ತು? ಊಟಕ್ಕೆ ಏನೂ ಇಲ್ಲ ಈಗ. ಬಾಳೆಹಣ್ಣು ಇದೆ, ನಾಳೆ ಬೆಳಕು ಹರಿದ ಮೇಲೆ ದೋಸೆ.”

ಮೋಳೆ ಎಂದರೆ ಮಗಳು, ನೇರ ಎಂದರೆ ಹೊತ್ತು; ಅವರ ಕನ್ನಡದಲ್ಲಿ ಮಲಯಾಳಂ ಹೀಗೆ ಬೆರೆತಿತ್ತು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಗಡ್ಡೆಗೆಣಸು, ಈರುಳ್ಳಿ ಒಳಗೆ ಬರುವುದಿಲ್ಲ. ಜೇನುತುಪ್ಪವನ್ನೂ ಮುಟ್ಟುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಎರಡು ನೇಂದ್ರ ಬಾಳೆ ತಿಂದು ಮಲಗಿದೆ. ಮರುದಿನದಿಂದ ಐದೂಮುಕ್ಕಾಲಿಗೆ ಊಟಕ್ಕೆ ಹಾಜರಾಗತೊಡಗಿದೆ. ನಾಲ್ಕು ದಿನದಲ್ಲಿ ನನ್ನ ಹಳೆಯ ಎದೆಯುರಿ ಮಾಯವಾಯಿತು. ಇದನ್ನು ಹೇಳಿದಾಗ ಸುಮತಿಯಮ್ಮ, “ಅದು ಧರ್ಮದಿಂದ ಅಲ್ಲ, ಸಾರಿನಿಂದ” ಎಂದರು, ಸಾರಿನ ಬಗ್ಗೆ ಅವರಿಗೆ ಬಹಳ ಅಭಿಮಾನ.

ಉಪ್ಪರಿಗೆಯ ಮೇಜು

ಗೆಳತಿ ಹೇಳಿದ ಆ ಜಾಗ ಹಿಂದೆ ಶುಂಠಿ ದಾಸ್ತಾನಿನ ಮಳಿಗೆಯಾಗಿತ್ತು. ಕೆಳಗೆ ಈಗಲೂ ಗೋಣಿಚೀಲಗಳಿವೆ, ಮೇಲೆ ಎಂಟು ಮೇಜು. ಗೋಡೆಗಳಿಗೆ ಇನ್ನೂ ಶುಂಠಿಯ ವಾಸನೆ. ನಡೆಸುವವರು ಶೈನಿ ಚೇಚಿ, ಅಂದರೆ ಶೈನಿ ಅಕ್ಕ, ಹಳೆಯ ಟೀಚರು. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ತೆಗೆದುಕೊಳ್ಳುವಂತೆ ಎಲ್ಲರನ್ನೂ ನೋಡುತ್ತಾರೆ. ಪ್ರತಿಯೊಬ್ಬರೂ ಇವತ್ತು ಏನು ಮುಗಿಸುತ್ತೇನೆ ಎಂದು ಗಟ್ಟಿಯಾಗಿ ಹೇಳಬೇಕು. ಸಂಜೆ ಆಯಿತೋ ಇಲ್ಲವೋ ಹೇಳಬೇಕು. ಆಗದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಹಾಗೆ ಅನ್ನದೇ ಇರುವುದೇ ತಡೆದುಕೊಳ್ಳಲು ಕಷ್ಟ.

ನನ್ನ ಪಕ್ಕದ ಮೇಜು ಅನ್ಸಾರನದು. ಮೈಸೂರಿನ ಚಪ್ಪಲಿ ಅಂಗಡಿಯಲ್ಲಿ ಎರಡು ವರ್ಷ ಇದ್ದವನು, ಅಂಗಡಿ ಕನ್ನಡ ಸರಾಗವಾಗಿ ಬರುತ್ತದೆ. ಈಗ ಯಾವುದೋ ದೂರದೇಶದ ಹೋಟೆಲಿಗೆ ಬಂದ ದೂರುಗಳಿಗೆ ಉತ್ತರ ಟೈಪ್ ಮಾಡುವುದು ಅವನ ಕೆಲಸ.

“ನಾನು ಕಣ್ಣಲ್ಲೂ ನೋಡದ ರೂಮಿನ ನಲ್ಲಿ ಸೋರ್ತದೆ ಅಂತ ದಿನಾ ಕ್ಷಮೆ ಕೇಳ್ತೀನಿ, ಚೇಚಿ. ಮನೇಲಿ ನನ್ನ ನಲ್ಲಿ ಆರು ತಿಂಗಳಿಂದ ಸೋರ್ತದೆ, ಹೆಂಡತಿಗೆ ಒಂದು ಕ್ಷಮೆ ಕೇಳಿಲ್ಲ.”

“ಮನೇಲೇ ಕೂತು ಮಾಡಬಹುದಲ್ಲ ಈ ಕೆಲಸ?”

“ಮನೇಲಿ ಮಾಡಿದ್ರೆ ಮೂರು ಕ್ಷಮೆ ಆದ ಮೇಲೆ ನಿದ್ದೆ ಬರ್ತದೆ. ಇಲ್ಲಿ ನೀವು ಪಕ್ಕದಲ್ಲಿ ಟಕಟಕ ಅಂತಿರ್ತೀರಿ, ನಾಚಿಕೆ ಆಗ್ತದೆ.”

ಅವನಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ನಾನು ಕಂಪ್ಯೂಟರಿನ ಪರದೆಯ ಮೇಲೆ ಕಾಗೆ ಗುಬ್ಬಿ ಕಥೆ ಬರೆದಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಅವನು ಅಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ನಾನು ಫೋನ್ ಎತ್ತಲಿಲ್ಲ, ಕಿಟಕಿಯ ಧೂಳು ನೋಡಲಿಲ್ಲ. ಮನೆಯಲ್ಲಿ ವಾರಕ್ಕೆ ಹತ್ತು ಪುಟ ಏದುಸಿರು ಬಿಡುತ್ತಾ ಮುಗಿಸುತ್ತಿದ್ದವಳು ಇಲ್ಲಿ ಎರಡು ದಿನಕ್ಕೆ ಅಷ್ಟು ಬರೆದೆ. ಮೂರನೆಯ ದಿನದ ಸಂಜೆ “ಆಯಿತು” ಎಂದು ಎಂಟು ಜನರ ಮುಂದೆ ಹೇಳುವಾಗ ಎಸ್ಸೆಸ್ಸೆಲ್ಸಿ ಪಾಸಾದಷ್ಟು ಹೆಮ್ಮೆ ನನಗೆ.

ತೊಂದರೆ ಇದ್ದದ್ದು ಒಂದೇ. ಕಟ್ಟಡದ ಹಿಂದೆ ದೊಡ್ಡದೊಂದು ಬೂರುಗದ ಮರ, ಅದರಲ್ಲಿ ನಮ್ಮ ಕಿಟಕಿಗಳಿಗಿಂತ ಮೇಲಿನ ಕೊಂಬೆಗೆ ಹೆಜ್ಜೇನಿನ ಹುಟ್ಟು. ಹದ್ದೊಂದು ಅದಕ್ಕೆ ಹೊಡೆದ ದಿನ ಇಡೀ ಮಧ್ಯಾಹ್ನ ನಾವು ಬಾಗಿಲು ಹಾಕಿಕೊಂಡು ಬೆವರುತ್ತಾ ಕೂತೆವು. ಶೈನಿ ಚೇಚಿ ಜೇನು ಇಳಿಸುವವರಿಗೆ ಹೇಳಿಕಳಿಸಿದರು. ಸುಮತಿಯಮ್ಮ ಇದನ್ನು ಕೇಳಿ ಎರಡು ದಿನ ಶೈನಿ ಚೇಚಿಯ ಹೆಸರೆತ್ತಲಿಲ್ಲ. “ಅವು ಅವುಗಳ ಪಣಿ ಮಾಡ್ತಾವೆ, ನೀವು ನಿಮ್ಮ ಪಣಿ ಮಾಡಿ” ಎಂದಷ್ಟೇ ಅಂದರು. ಪಣಿ ಎಂದರೆ ಅಲ್ಲಿ ಕೆಲಸ.

ಗುರುವಾರ, ಮರದ ಕೆಳಗೆ

ಮರ ನೋಡಿಕೊಂಡು ಹೋಗಲು ಇಬ್ಬರು ಬಂದರು. ಕಾಡಿನಂಚಿನ ಹಾಡಿಯವರು, ಜೇನು ಇಳಿಸುವುದು ಅವರ ಹಿರಿಯರ ಕೆಲಸ. ಹತ್ತುವವನು ಮಾರನ್, ಸುಮಾರು ನಲವತ್ತರವನು. ಹಗ್ಗ ಹಿಡಿಯುವವನು ಬಾಬು, ಅವನ ಹೆಂಡತಿಯ ತಮ್ಮ. ಅವರಿಬ್ಬರೂ ಆಡುತ್ತಿದ್ದ ಮಾತು ನನ್ನ ಕಿವಿಗೆ ಬಿದ್ದಾಗ ಆದ ಸಂತೋಷ ಹೇಳತೀರದು. ಮಲಯಾಳಂ ಬೆರೆತ, ತಿರುಚಿಕೊಂಡ, ಆದರೆ ನನಗೆ ತಿಳಿಯುವ ಮಾತು. ಒಂದು ವಾರ ಅನ್ಸಾರನ ಅಂಗಡಿ ಕನ್ನಡದಲ್ಲಿ ಬದುಕಿದವಳು ಓಡಿಹೋಗಿ ಎದುರು ನಿಂತೆ.

“ಹತ್ತೋನು ನೀವು. ಇವರಿಗೇನು ಕೆಲಸ?” ಎಂದು ಮಾರನ್‌ನನ್ನು ಕೇಳಿದೆ.

“ಇವನಿಗಾ? ಕೂರೋದು.” ಮಾರನ್ ನಕ್ಕ. “ಹಗ್ಗ ಹಿಡ್ದು ಕೂರೋದು. ನಾ ಮೇಲಿಂದ ಕೂಗ್ತೆ, ಇವ ಓ ಅಂತಾನೆ. ಅಷ್ಟೇ ಪಣಿ. ಜೇನು ಮಾತ್ರ ಅರ್ಧ ಬೇಕು ಅವನಿಗೆ.”

“ನಿಮ್ಮ ಅಣ್ಣನೋ ತಮ್ಮನೋ ಹಿಡಿಯಲ್ವಾ?”

“ಅಣ್ಣ ತಮ್ಮ ಹಿಡಿಯಂಗಿಲ್ಲ. ಹೆಂಡ್ತಿ ಅಣ್ಣನೋ ತಮ್ಮನೋ ಹಿಡೀಬೇಕು. ನಮ್ಮ ಹಿರೇರು ಹಂಗೇ ಮಾಡಿದ್ದು. ತಮ್ಮನಿಗೆ ನನ್ನ ಮೇಲೆ ಯಾವ್ದೋ ಸಿಟ್ಟಿರ್ತದೆ, ಹಗ್ಗ ಬಿಟ್ರೆ ಬಿಟ್ಟ. ಬಾಮೈದ ಬಿಡ್ತಾನಾ? ಬಿಟ್ರೆ ಇವನ ಅಕ್ಕ ಮಕ್ಕಳ ಸಮೇತ ಇವನ ಮನೆಗೇ ಬರ್ತಾಳೆ.”

“ಅದಕ್ಕೇ ಗಟ್ಟಿಯಾಗಿ ಹಿಡಿಯೋದು,” ಎಂದ ಬಾಬು ಗಂಭೀರವಾಗಿ. “ಅಕ್ಕನ ಬಾಯಿ ನೀವು ನೋಡಿಲ್ಲ.”

ಕೂರುವುದೇ ಕೆಲಸವಾದವನನ್ನು ನೋಡಿ ನನಗೆ ಉಪ್ಪರಿಗೆಯ ಎಂಟು ಮೇಜು ನೆನಪಾಯಿತು. ಅವನಿಲ್ಲದೆ ಹತ್ತುತ್ತೀರಾ ಎಂದು ಕೇಳಿದೆ. ಮಾರನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾಕೆ ಹತ್ತಬೇಕು?” ಎಂದ.

ಶುಕ್ರವಾರ

ಸಾಧಾರಣವಾಗಿ ಇದು ಕತ್ತಲಲ್ಲಿ ಮಾಡುವ ಕೆಲಸವಂತೆ. ಆದರೆ ಈ ಮರದ ಹತ್ತಿರ ರಸ್ತೆಯ ದೀಪಗಳು, ಬೆಳಕಿದ್ದರೆ ಹುಳು ಆ ಕಡೆಗೇ ನುಗ್ಗುತ್ತವೆ. ಅದಕ್ಕೇ ಬೆಳಗಿನ ಚಳಿಗೆ ಅವು ಜಡವಾಗಿರುವ ಹೊತ್ತನ್ನು ಆರಿಸಿಕೊಂಡಿದ್ದರು. ಮಂಜು ಇನ್ನೂ ಕರಗಿರಲಿಲ್ಲ. ಯಾರೂ ಹೊರಗೆ ಬರಬಾರದೆಂದು ಶೈನಿ ಚೇಚಿ ಹೇಳಿದ್ದರು. ನಾನು ಹೋದೆ. ಬಾಬುವಿನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತೆ. ಕೈಯಲ್ಲಿ ನೋಟ್‌ಬುಕ್ಕು.

ಮಾರನ್ ಹಿಂದಿನ ಸಂಜೆ ಕಾಂಡಕ್ಕೆ ಹೊಡೆದಿದ್ದ ಬಿದಿರು ಗೂಟಗಳ ಮೇಲೆ ಕಾಲಿಟ್ಟು ಹತ್ತಿದ. ಬೆನ್ನಿಗೆ ಹಸಿ ಸೊಪ್ಪಿನ ಹೊಗೆಕಟ್ಟು. ಅವನ ಸೊಂಟದ ಹಗ್ಗ ಮೇಲಿನ ಕವಲನ್ನು ಬಳಸಿ ಕೆಳಗಿಳಿದು, ಮರದ ಬುಡವನ್ನು ಒಂದು ಸುತ್ತು ಸುತ್ತಿ ಬಾಬುವಿನ ಕೈಗೆ ಬಂದಿತ್ತು. ಮೇಲಿಂದ “ಹೋ” ಎಂದು ಬರುತ್ತಿತ್ತು. ಬಾಬು “ಓ” ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ “ಹೋ”, ಮತ್ತೆ “ಓ”. ಹೊಗೆ ಕೊಂಬೆಯನ್ನು ತಲುಪಿತು. ಕಪ್ಪು ಚಾದರ ಕೊಡವಿದಂತೆ ಹುಳುಗಳು ಒಂದು ಮಗ್ಗುಲಿಗೆ ಸರಿದವು.

ಆಗ ನಾನು ಬಾಯಿ ತೆರೆದೆ. ಅನುವಾದಕರಿಗೊಂದು ಚಟ, ಹೊಸ ಮಾತು ಸಿಕ್ಕರೆ ಬರೆದಿಟ್ಟುಕೊಳ್ಳುವುದು. “ಬಾಬು, ಈ ಮರಿಹುಳು ಇರೋ ಭಾಗಕ್ಕೆ ನಿಮ್ಮಲ್ಲಿ ಏನಂತೀರಿ? ತುಪ್ಪ ಇರೋ ಭಾಗಕ್ಕೆ?”

ಅವನು ಮರ್ಯಾದಸ್ಥ. ಕೇಳಿದವರಿಗೆ ಬೆನ್ನು ಹಾಕಿ ಅಭ್ಯಾಸವಿಲ್ಲ. ನನ್ನ ಕಡೆ ತಿರುಗಿ ಒಂದು ಪದ ಹೇಳಿದ. ನಾನು ಬರೆದುಕೊಂಡೆ. ಸರಿಯಾಗಿ ಬರೆದೆನೇ ಎಂದು ಓದಿ ಹೇಳಿದೆ. ಅವನು ನಕ್ಕು ತಿದ್ದಿದ. ಆ ಹೊತ್ತಿನಲ್ಲಿ ಮೇಲಿನಿಂದ ಒಂದು “ಹೋ” ಬಂತು. ಇನ್ನೊಂದೂ ಬಂತು. ನಾನು ಎರಡನ್ನೂ ಕೇಳಿದೆ. ಇದನ್ನು ಬರೆಯದೆ ಇರಬಹುದಿತ್ತು. ಆದರೆ ನಾನು ಕೇಳಿದೆ, ಮತ್ತು ನನ್ನ ಪೆನ್ನು ನಿಲ್ಲಲಿಲ್ಲ.

ಉತ್ತರ ಬರದಿದ್ದರೆ ಕೆಳಗೆ ಏನೋ ಆಗಿದೆ ಎಂದು ಅರ್ಥ. ಆನೆ ಬಂದಿರಬಹುದು, ಹಗ್ಗ ಹಿಡಿದವನು ಬಿದ್ದಿರಬಹುದು. ಮಾರನ್ ಕೆಳಗೆ ನೋಡಲು ಬಗ್ಗಿದ. ಗೂಟ ಕಿತ್ತುಬಂತು.

ಆಮೇಲಿನದು ನನಗೆ ಒಂದೊಂದು ಸಲ ಒಂದೊಂದು ಕ್ರಮದಲ್ಲಿ ನೆನಪಾಗುತ್ತದೆ. ಹಗ್ಗ ಸರ್ರನೆ ಓಡಿತು. ಬಾಬು ಮೇಲೆ ನೋಡಲೇ ಇಲ್ಲ, ಹಿಂದಕ್ಕೆ ಬಿದ್ದು ಎರಡೂ ಕಾಲನ್ನು ಬೇರಿಗೆ ಒದ್ದು ಹಿಡಿದ. ಎರಡಾಳುದ್ದ ಜಾರಿದ ಮೇಲೆ ಹಗ್ಗ ನಿಂತಿತು. ಮಾರನ್ ಕಾಂಡಕ್ಕೆ ಅಪ್ಪಳಿಸಿ ತೂಗಾಡುತ್ತಿದ್ದ. ಹೊಗೆಕಟ್ಟು ನನ್ನ ಮೊಣಕಾಲ ಬಳಿ ಬಿದ್ದು ಕಿಡಿ ಕಾರಿತು. ಹುಳುಗಳು ಬಂದವು.

“ಮಲಕ್ಕೋ! ಅಲುಗಬೇಡ!” ಎಂದು ಬಾಬು ಕೂಗಿದ.

ನಾನು ಮುಖ ಕೆಳಗೆ ಮಾಡಿ ಬಿದ್ದುಕೊಂಡೆ. ಕಂಬಳಿ ಇದ್ದದ್ದು ನನ್ನ ಮೇಲೆ. ಅವನ ಮೈಮೇಲೆ ಅಂಗಿಯಷ್ಟೇ, ಎರಡು ಕೈಯಲ್ಲೂ ಹಗ್ಗ. ಅದು ನನಗೆ ಹೊಳೆದಾಗ ತೆವಳಿಕೊಂಡು ಹೋಗಿ ಕಂಬಳಿಯನ್ನು ಅವನ ತಲೆಯ ಮೇಲೆ ಎಳೆದೆ. ಒಳಗಿನಿಂದ ಅವನ ದನಿ ಬರುತ್ತಲೇ ಇತ್ತು. ಮೇಲಿಂದ ಕ್ಷೀಣವಾಗಿ “ಹೋ”. ಕಂಬಳಿಯೊಳಗಿಂದ “ಓ”. ಮಾರನ್ ಕಾಲು ಚಾಚಿ ಒಂದು ಗೂಟ ಹುಡುಕಿದ. “ಹೋ.” “ಓ.” ಇನ್ನೊಂದು ಗೂಟ. ಹಾಗೆ ಒಂದೊಂದಾಗಿ ಇಳಿದು ನೆಲಕ್ಕೆ ಬಂದ. ನನ್ನ ಕುತ್ತಿಗೆ, ತೋಳು ಉರಿಯುತ್ತಿದ್ದವು. ಅದು ನನಗೆ ಗೊತ್ತಾಗಿದ್ದು ಎಷ್ಟೋ ಹೊತ್ತಿನ ಮೇಲೆ.

ಕಲ್ಪೆಟ್ಟ, ಆಸ್ಪತ್ರೆಯ ಬೆಂಚು

ಅನ್ಸಾರ್ ತನ್ನ ಕಾರಿನಲ್ಲಿ ಎಲ್ಲರನ್ನೂ ಕರೆದೊಯ್ದ. ಮಾರನ್‌ಗೆ ಪಕ್ಕೆ ನೋವು, ಮೂಳೆ ಮುರಿದಿರಲಿಲ್ಲ. ಬಾಬುವಿನ ಎರಡೂ ಅಂಗೈಯ ಚರ್ಮ ಸುಲಿದಿತ್ತು, ಮುಖ ಊದಿ ಕಣ್ಣು ಕಾಣುತ್ತಿರಲಿಲ್ಲ. ಮಧ್ಯಾಹ್ನ ಮಾರನ್‌ನ ಹೆಂಡತಿ ಶಾಂತೆ ಬಂದಳು. ಗಂಡನ ಪಕ್ಕೆ ಮುಟ್ಟಿ ನೋಡಿದಳು, ತಮ್ಮನ ಬ್ಯಾಂಡೇಜು ನೋಡಿದಳು, ಆಮೇಲೆ ಶುರು ಮಾಡಿದಳು.

“ಏನೋ, ನನ್ನ ಗಂಡನ್ನ ಮರದ ಮೇಲೆ ಬಿಟ್ಟು ನೀ ಕೆಳಗೆ ಇಸ್ಕೂಲು ಮಾಡ್ತಿದ್ಯಾ?”

“ಅವರು ಕೇಳಿದ್ರು, ಅಕ್ಕ…”

“ಕೇಳ್ತಾರೆ! ನಾಳೆ ಹಗ್ಗ ಕೇಳ್ತಾರೆ, ಕೊಡ್ತೀಯಾ?”

ನಾನು ಎದ್ದು ತಪ್ಪು ನನ್ನದು ಎಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನಿನಗೆ ಮಾತು ಬೇಕಂದ್ರೆ ನನ್ನ ಕೇಳು, ಬೆಳಗ್ಗಿಂದ ಸಂಜೆಗಂಟ ಹೇಳ್ತೆ. ಮರದ ಕೆಳಗೆ ಕೂತ ಹೊತ್ತು ಇವನ ಬಾಯಿ ಇವನದಲ್ಲ. ನನ್ನ ಗಂಡಂದು.”

ಹಾಸಿಗೆಯಲ್ಲಿದ್ದ ಮಾರನ್ ಪಕ್ಕೆ ಹಿಡಿದುಕೊಂಡು ನಗಲು ನೋಡಿದ, ನೋವಾಗಿ ಬಿಟ್ಟ. “ಬಿಡು ಶಾಂತೆ, ಹಿಡಿದನಲ್ಲ” ಎಂದ. ಅವಳು ತಂದಿದ್ದ ಗಂಜಿಯನ್ನು ಮೊದಲು ತಮ್ಮನ ಬಾಯಿಗೆ ಇಟ್ಟಳು. ಅವನ ಕೈಗೆ ಬ್ಯಾಂಡೇಜು ಇತ್ತಲ್ಲ. ಆಮೇಲೆ ನನಗೂ ಒಂದು ಲೋಟ ಬಂತು. ಬೈಗುಳವೂ ಗಂಜಿಯೂ ಒಂದೇ ಕೈಯಿಂದ ಇಷ್ಟು ಸಲೀಸಾಗಿ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಖಾಲಿ ಪುಟದ ದಿನಗಳು

ಮತ್ತೆ ಮೇಜಿಗೆ ಹೋದೆ. ಕೂತೆ. ಬರೆಯಲಾಗಲಿಲ್ಲ. “ರೋಗಿಯನ್ನು ಎತ್ತುವಾಗ ನಿಮ್ಮ ಹಿಡಿತ ಸಡಿಲವಾಗದಿರಲಿ” ಎಂಬ ಸಾಲಿನ ಮುಂದೆ ಒಂದು ಇಡೀ ಬೆಳಿಗ್ಗೆ ಕಳೆದೆ. ಸಂಜೆ ಶೈನಿ ಚೇಚಿ ನನ್ನ ಕಡೆ ನೋಡಿದಾಗ “ಆಗಲಿಲ್ಲ” ಎಂದೆ. ಮರುದಿನವೂ ಅದೇ. ಯಾರೂ ಏನೂ ಅನ್ನಲಿಲ್ಲ. ಅನ್ಸಾರ್ ಮಾತ್ರ ತನ್ನ ಕುರ್ಚಿಯನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಕ್ಷಮೆಗಳನ್ನು ಸ್ವಲ್ಪ ಜೋರಾಗಿಯೇ ಟೈಪ್ ಮಾಡತೊಡಗಿದ. ಮೂರನೆಯ ದಿನ ಅರ್ಧ ಪುಟ ಆಯಿತು, ನಾಲ್ಕನೆಯ ದಿನ ಮೂರು. ಸುಮತಿಯಮ್ಮ ಕುತ್ತಿಗೆಯ ಊತಕ್ಕೆ ಅರಿಸಿನ ಹಚ್ಚುತ್ತಾ, “ಹುಳಕ್ಕೂ ಮನೆ, ನಿನಗೂ ಮನೆ. ಅವು ಹೆದರಿದವು, ನೀನೂ ಹೆದರಿದೆ. ಲೆಕ್ಕ ಸಮ” ಎಂದರು. ಆ ಮಾತಿನಿಂದ ಯಾಕೋ ಒಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಶುಕ್ರವಾರ ಸಂಜೆ ಕೊನೆಯ ಅಧ್ಯಾಯ ಪೂರ್ತಿ ಉಳಿದಿತ್ತು. ಮರುದಿನವೇ ಗಡುವು. ಅದೇ ಹೊತ್ತಿಗೆ ಶೈನಿ ಚೇಚಿ ಇನ್ನೊಂದು ಸುದ್ದಿ ಹೇಳಿದರು: ಹುಟ್ಟು ಹಾಗೇ ಇದೆ, ಮಾರನ್ ನಾಳೆ ಮತ್ತೆ ಹತ್ತುತ್ತಾನೆ. ಬೇರೆಯವರನ್ನು ಕರೆಯೋಣ ಎಂದರೆ ಒಪ್ಪುವುದಿಲ್ಲ. ಹಗ್ಗ ಹಿಡಿಯುವುದೂ ಬಾಬುವೇ.

ಶನಿವಾರ

ಬೆಳಕು ಹರಿಯುವ ಮೊದಲೇ ಉಪ್ಪರಿಗೆಗೆ ಬಂದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ನನ್ನ ಮೇಜಿನ ಪಕ್ಕ, ಅನ್ಸಾರನ ಕುರ್ಚಿಯಲ್ಲಿ ಶಾಂತೆ ಕೂತಿದ್ದಳು.

“ಮರದ ಕಡೆ ನೋಡಲಾರೆ,” ಎಂದಳು. “ಮನೇಲೂ ಇರಲಾರೆ. ಇಲ್ಲಿ ಕೂತ್ರೆ ದನಿ ಕೇಳ್ತದೆ.”

“ಬಾಬು ಕೈ ವಾಸಿ ಆಯ್ತಾ?”

“ಎಲ್ಲಿ ವಾಸಿ? ಗೋಣಿ ಸುತ್ತಿದ್ದಾನೆ, ಹಗ್ಗ ಸೊಂಟಕ್ಕೂ ಕಟ್ಟಿದ್ದಾನೆ. ಬೇಡ ಅಂದ್ರೆ, ಬಾವ ನನ್ನ ಹೆಸರೇ ಹೇಳಿದ್ದು ಅಂತ ಕುಣೀತಾನೆ. ನನಗೆ ಇನ್ನೊಬ್ಬ ಅಣ್ಣ ತಮ್ಮ ಇಲ್ವಲ್ಲ.” ನನ್ನ ಕಂಪ್ಯೂಟರಿನ ಕಡೆ ಗಲ್ಲ ತೋರಿಸಿದಳು. “ನಿನ್ನ ಪಣಿ ಏನು?”

“ಇವತ್ತು ಇದು ಮುಗೀಬೇಕು. ಮುಗೀಲಿಲ್ಲ ಅಂದ್ರೆ ಬೇರೆಯವರಿಗೆ ಹೋಗ್ತದೆ.”

“ಹಂಗಾದ್ರೆ ಮಾಡು. ನನ್ನ ಮುಖ ಯಾಕೆ ನೋಡ್ತೀ? ನಾ ಇರ್ತೆ ಇಲ್ಲೇ.”

ಹೊರಗಿನಿಂದ “ಹೋ” ಬಂತು. ನನ್ನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. “ಓ” ಬಂತು. ಶಾಂತೆ ಉಸಿರು ಬಿಟ್ಟಳು, ನಾನೂ ಬಿಟ್ಟೆ. ಒಂದು ಸಾಲು ಬರೆದೆ. ಮತ್ತೆ ಕೂಗು, ಮತ್ತೆ ಉತ್ತರ, ಇನ್ನೊಂದು ಸಾಲು. ಅವಳು ಸೆರಗಿನ ತುದಿಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ನಾನು ನಿಲ್ಲಿಸಿದಾಗಲೆಲ್ಲ ಬಾಯಿ ಬಿಡದೆ ಕೀಲಿಮಣೆಯ ಕಡೆ ಕಣ್ಣು ಹಾಯಿಸುತ್ತಿದ್ದಳು. ಒಂದು ಸಲ ಉತ್ತರ ತಡವಾಯಿತು. ಅವಳ ಕೈ ನನ್ನ ಮೊಣಕೈಯನ್ನು ಹಿಡಿಯಿತು, ಉಗುರು ಊರುವಷ್ಟು. ಆಮೇಲೆ ಬಾಬುವಿನ ದನಿ ಬಂತು, ಕೆಮ್ಮಿನ ಜೊತೆ. ಹೊಗೆ ಕುಡಿದಿದ್ದ, ಪಾಪ. “ಕತ್ತೆ,” ಎಂದಳು ಶಾಂತೆ, ಕಣ್ಣೊರೆಸಿಕೊಂಡು.

ಯಾವ ಹೊತ್ತಿನಲ್ಲಿ ನಾನು ಕೂಗಿಗೆ ಕಾಯುವುದನ್ನು ಬಿಟ್ಟೆನೋ ತಿಳಿಯದು. ಕೂಗು ಬರುತ್ತಿತ್ತು, ಉತ್ತರ ಬರುತ್ತಿತ್ತು, ನಾನು ಬರೆಯುತ್ತಿದ್ದೆ. ಮಂಜು ಕರಗಿ ಕಿಟಕಿಯ ಗಾಜು ಬೆಳ್ಳಗಾಯಿತು. ಆಮೇಲೆ ಕೆಳಗೆ ಮಾತು ಕೇಳಿಸಿತು, ಎರಡು ದನಿ, ಒಂದೇ ಎತ್ತರದಿಂದ. ಇಬ್ಬರೂ ನೆಲದ ಮೇಲಿದ್ದರು. ಬಾಬು ಏನೋ ಅಂದ, ಮಾರನ್ ನಕ್ಕ.

ಈಗ ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಎದ್ದು ಹೋಗಿ ಕಿಟಕಿಯನ್ನು ತುಸು ತೆರೆದು ಕೆಳಗೆ ಕೂಗಿದಳು. “ಕೈ ತೊಳ್ಕೊಂಡು ಚಾಯ ಕುಡೀರಿ. ನಾ ಆಮೇಲೆ ಬರ್ತೆ.”

“ಯಾಕೆ, ಅಲ್ಲೇನು ಪಣಿ ನಿನಗೆ?” ಎಂದ ಮಾರನ್.

“ಇವಳದು ಇನ್ನೂ ಮುಗಿದಿಲ್ಲ,” ಎಂದು ಹೇಳಿ ಶಾಂತೆ ವಾಪಸು ಬಂದು ಕುರ್ಚಿಯಲ್ಲಿ ಕೂತಳು.